ಉದ್ಯೋಗ ಉಳಿಯಿತು, ಬೆಲೆ ತೆತ್ತವರು ಯಾರು?

ನಿರುದ್ಯೋಗದ ಅಂಕಿ ಅಂಶಗಳನ್ನಷ್ಟೇ ನೋಡಿದರೆ ಜಪಾನಿನ ಸಂಕಟ ಅರ್ಥವಾಗದು. 1990ರ ದಶಕದ ಆರಂಭದಲ್ಲಿ ಷೇರು ಮತ್ತು ಭೂಮಿಯ ಬೆಲೆ ಕುಸಿದು, ಆರ್ಥಿಕತೆ ವರ್ಷಾನುಗಟ್ಟಲೆ ತೆವಳಿತು. ಆದರೂ ಅಲ್ಲಿನ ನಿರುದ್ಯೋಗ ಪ್ರಮಾಣ ಶೇ 6ನ್ನು ಮುಟ್ಟಲಿಲ್ಲ. ಇದನ್ನು ಜಪಾನ್ ಮಾದರಿಯ ಯಶಸ್ಸೆಂದು ಕೊಂಡಾಡುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಅರ್ಧಸತ್ಯ.

ದೊಡ್ಡ ಕಂಪನಿಗಳಲ್ಲಿ ಕಾಯಂ ನೌಕರನನ್ನು ನಿವೃತ್ತಿಯವರೆಗೂ ಉಳಿಸಿಕೊಳ್ಳುವುದು ಅಲ್ಲಿನ ವಾಡಿಕೆ. ವಜಾ ಕ್ರಮವನ್ನು ನ್ಯಾಯಾಲಯಗಳೂ ಸುಲಭವಾಗಿ ಒಪ್ಪುವುದಿಲ್ಲ. ಹೀಗಾಗಿ ಬೇಡಿಕೆ ಕುಗ್ಗಿದಾಗ ಮೊದಲು ಓವರ್‌ಟೈಮ್, ಬಳಿಕ ಬೇಸಿಗೆ ಮತ್ತು ಚಳಿಗಾಲದ ಬೋನಸ್ ಕರಗುತ್ತವೆ, ನೌಕರಿ ಉಳಿಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಈ ಹೊಂದಾಣಿಕೆ ಸ್ಪಷ್ಟವಾಗಿ ಕಂಡಿತು. ‘ಶುಂತೊ’ ಎಂಬ ವಾರ್ಷಿಕ ವಸಂತಕಾಲದ ವೇತನ ಮಾತುಕತೆಯಲ್ಲಿ 1974ರಲ್ಲಿ ಸುಮಾರು ಶೇ 33ರಷ್ಟು ಹೆಚ್ಚಳ ಪಡೆದಿದ್ದ ಕಾರ್ಮಿಕ ಸಂಘಗಳು, ಮರುವರ್ಷವೇ ಸುಮಾರು ಶೇ 13ಕ್ಕೆ ಒಪ್ಪಿದವು. ನೌಕರಿಯ ಭದ್ರತೆಗಾಗಿ ವೇತನದಲ್ಲಿ ಸಂಯಮ ತೋರುವುದೇ ಆ ಒಪ್ಪಂದದ ತಿರುಳು.

ಆಗ ಹೊರೆಯ ಬಹುಭಾಗವನ್ನು ಒಳಗಿದ್ದವರೇ ಹಂಚಿಕೊಂಡರು. 1990ರ ದಶಕದಲ್ಲಿ ಅದು ಬಾಗಿಲ ಹೊರಗಿದ್ದವರ ಹೆಗಲೇರಿತು. ಕಂಪನಿಗಳು ಹೊಸ ನೇಮಕಾತಿ ಕಡಿತಗೊಳಿಸಿದವು. ಪದವಿ ಮುಗಿಸಿದ ವರ್ಷವೇ ಕಾಯಂ ಕೆಲಸ ಹಿಡಿಯಬೇಕಾದ ವ್ಯವಸ್ಥೆಯಲ್ಲಿ ಅವಕಾಶ ತಪ್ಪಿದವರಿಗೆ ಅದು ಮತ್ತೆ ಒದಗುವುದು ಕಷ್ಟ. ‘ಉದ್ಯೋಗದ ಹಿಮಯುಗ’ದ ಪೀಳಿಗೆಯೆಂದೇ ಅವರು ಹೆಸರಾದರು. ಏಜೆನ್ಸಿಗಳ ಮೂಲಕ ಕಾರ್ಮಿಕರನ್ನು ಪಡೆಯುವ ನಿಯಮಗಳನ್ನು 1999ರಲ್ಲಿ ಸಡಿಲಿಸಲಾಯಿತು. 2004ರಲ್ಲಿ ಕಾರ್ಖಾನೆಗಳಿಗೂ ಅದು ವಿಸ್ತರಿಸಿತು. 1990ರಲ್ಲಿ ಐವರಲ್ಲಿ ಒಬ್ಬರಷ್ಟಿದ್ದ ಕಾಯಮೇತರ ನೌಕರರು ಈಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಅವರಲ್ಲಿ ಮಹಿಳೆಯರೇ ಬಹುಸಂಖ್ಯಾತರು.

2008ರ ಜಾಗತಿಕ ಹಿಂಜರಿತದಲ್ಲಿ ಇವರೇ ಮೊದಲು ಬೀದಿಗೆ ಬಿದ್ದರು. ಕೆಲಸದೊಂದಿಗೆ ಕಂಪನಿಯ ವಸತಿಯನ್ನೂ ಕಳೆದುಕೊಂಡವರಿಗಾಗಿ ಆ ವರ್ಷದ ಕೊನೆಯ ದಿನ ಟೋಕಿಯೊದ ಹಿಬಿಯಾ ಉದ್ಯಾನದಲ್ಲಿ ಸ್ವಯಂಸೇವಕರು ಡೇರೆ ಹಾಕಿ ಊಟ ಬಡಿಸಬೇಕಾಯಿತು.

ಈಗ ದುಡಿಯುವ ಕೈಗಳ ಕೊರತೆ ಜಪಾನನ್ನು ಕಾಡುತ್ತಿದೆ. 2024ರ ಶುಂತೊದಲ್ಲಿ ಸರಾಸರಿ ವೇತನ ಹೆಚ್ಚಳ ಶೇ 5ನ್ನು ದಾಟಿತು. ಅಲ್ಲಿಯವರೆಗಿನ ಮೂರು ದಶಕಗಳಲ್ಲೇ ಅದು ಅತ್ಯಧಿಕವಾಗಿತ್ತು. 2025ರಲ್ಲೂ ಅದೇ ಪ್ರವೃತ್ತಿ ಮುಂದುವರಿಯಿತು. ಆದರೆ ಬೆಲೆಯೇರಿಕೆಯನ್ನು ಕಳೆದರೆ 2022ರಿಂದ 2024ರವರೆಗೆ ಮೂರೂ ವರ್ಷ ನೈಜ ವೇತನ ಇಳಿದಿದೆ. ಸಂಘಗಳಿಲ್ಲದ ಸಣ್ಣ ಉದ್ದಿಮೆಗಳ ನೌಕರರು ಈ ಮಾತುಕತೆಯ ಹೊರಗೇ ಉಳಿಯುತ್ತಾರೆ.

ಸಮಾನ ಕೆಲಸಕ್ಕೆ ಸಮಾನ ವೇತನದ ನಿಯಮಗಳು 2020ರಿಂದ ಜಾರಿಯಲ್ಲಿವೆ. ಬೋನಸ್, ತರಬೇತಿ, ಬಡ್ತಿಗಳು ಕಾಯಮೇತರ ನೌಕರರಿಗೂ ದಕ್ಕಿದಾಗ ಮಾತ್ರ ಅವು ಸಾರ್ಥಕ. ಕೆಲವರ ಅಭದ್ರತೆಯ ಮೇಲೆ ಉಳಿದವರ ಭದ್ರತೆಯನ್ನು ಕಟ್ಟುವ ಏರ್ಪಾಡನ್ನು, ನಿರುದ್ಯೋಗ ಎಷ್ಟೇ ಕಡಿಮೆಯಿದ್ದರೂ, ಮಾದರಿಯೆಂದು ಒಪ್ಪಲು ನಾನು ಸಿದ್ಧನಿಲ್ಲ.