ಬದು ಸರಕಾರದ್ದು, ಮಣ್ಣು ಯಾರದು?

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಾಗ ಅದರ ಹೊಟ್ಟೆಯ ಅಳತೆ 133 ಟಿ.ಎಂ.ಸಿ. 2016ರ ಅಳತೆಯಲ್ಲಿ ಸಿಕ್ಕಿದ್ದು 105.788 ಟಿ.ಎಂ.ಸಿ. ಮಿಕ್ಕ 27 ಟಿ.ಎಂ.ಸಿ. ಜಾಗದಲ್ಲಿ ಕುಳಿತಿರುವುದು ಹೂಳು. ಹೂಳು ಎಂಬುದು ಇಂಜಿನಿಯರರ ಮಾತು. ನಮ್ಮ ಮಾತಿನಲ್ಲಿ ಅದು ಮೇಲ್ಮಣ್ಣು. ಗಣಿಗಳ ಪಾಲೂ ಅದರಲ್ಲಿ ಉಂಟು, ಬೋಳಾದ ಗುಡ್ಡಗಳ ಪಾಲೂ ಉಂಟು. ಆದರೆ ಶಿವಮೊಗ್ಗೆ, ದಾವಣಗೆರೆ, ಹಾವೇರಿ ಸೀಮೆಯ ರೈತ ಗೊಬ್ಬರ ಹೊತ್ತು ಹಾಕಿ ಹದ ಮಾಡಿದ ಮಣ್ಣೂ ಅಲ್ಲಿಯೇ ಮಲಗಿದೆ. ಮಳೆಗಾಲದಲ್ಲಿ ಗಳಗನಾಥದ ಬಳಿ ವರದೆ ತುಂಗಭದ್ರೆಯನ್ನು ಕೂಡುವಾಗ ಆ ನೀರಿನ ಬಣ್ಣ ನೋಡಿದವರಿಗೆ ನಾವು ಹೆಚ್ಚು ಹೇಳಬೇಕಾದುದಿಲ್ಲ.

ಇದಕ್ಕೆ ಆಳುವವರ ಬಾಯಿಂದ ಹಲವು ವರ್ಷಗಳಿಂದ ಬರುತ್ತಿರುವ ಉತ್ತರವೆಂದರೆ ಕೊಪ್ಪಳ ಜಿಲ್ಲೆಯ ನವಲಿಯ ಹತ್ತಿರ ಇನ್ನೊಂದು ಜಲಾಶಯ ಕಟ್ಟುವುದು. ಕೆಳಗಿನ ರೈತನಿಗೆ ನೀರು ಬೇಕು, ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಮೇಲಿನ ಹೊಲದಿಂದ ಮಣ್ಣು ಹೋಗುವುದನ್ನು ನಿಲ್ಲಿಸದೆ ಕೆಳಗೆ ಪಾತ್ರೆಯ ಮೇಲೆ ಪಾತ್ರೆ ಇಡುತ್ತ ಹೋದರೆ ಲಾಭ ಗುತ್ತಿಗೆದಾರನಿಗೆ ಹೊರತು ಇನ್ನಾರಿಗೆ?

ಈ ಪ್ರಶ್ನೆಯನ್ನು ಹಿಂದೊಮ್ಮೆ ಅಮೆರಿಕ ದೇಶವೂ ಎದುರಿಸಬೇಕಾಯಿತು. ಬಂಡವಾಳಶಾಹಿ ಅಮೆರಿಕದಿಂದ ಕಲಿಯುವುದೇನಿದೆ ಎಂದು ನಮ್ಮ ಕೆಲವು ಗೆಳೆಯರು ಹುಬ್ಬೇರಿಸಿಯಾರು. ಏರಿಸಲಿ. ಹುಲ್ಲುಗಾವಲನ್ನು ಲಾಭದ ಆಸೆಗೆ ಉತ್ತು ಹಾಕಿದ ಫಲವಾಗಿ 1930ರ ದಶಕದಲ್ಲಿ ಆ ದೇಶದ ನಡುಬಯಲಿನ ಮಣ್ಣು ಧೂಳಾಗಿ ಎದ್ದು, ಸಾವಿರಾರು ಮೈಲಿ ಹಾರಿ, ರಾಜಧಾನಿಯ ಆಕಾಶವನ್ನೇ ಕಪ್ಪಾಗಿಸಿತು. 1935ರ ಏಪ್ರಿಲಿನಲ್ಲಿ ಭೂಸಂರಕ್ಷಣಾ ಕಾಯಿದೆ ಬಂತು. ಅದರ ಹಿಂದಿದ್ದವನು ಹ್ಯೂ ಬೆನೆಟ್ ಎಂಬ ಮಣ್ಣಿನ ವಿಜ್ಞಾನಿ. ಆದರೆ ರಾಜಧಾನಿಯಲ್ಲಿ ಕುಳಿತ ಇಲಾಖೆ ಹೊಲದ ಬದು ಕಾಯಲಾರದು ಎಂಬ ಅರಿವು ಅವರಿಗೆ ಬೇಗನೆ ಬಂತು. 1937ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳಿಗೂ ಒಂದು ಮಾದರಿ ಕಾಯಿದೆ ಕಳಿಸಿದ. ಅದರ ಪ್ರಕಾರ ರೈತರೇ ಮತ ಹಾಕಿ ತಮ್ಮ ಮಣ್ಣು-ನೀರಿನ ಜಿಲ್ಲೆಯನ್ನು ಕಟ್ಟಿಕೊಳ್ಳಬಹುದು. ಐವರು ಮೇಲ್ವಿಚಾರಕರಲ್ಲಿ ಮೂವರನ್ನು ಅವರೇ ಆರಿಸಬೇಕು. ಅದೇ ಆಗಸ್ಟಿನಲ್ಲಿ ಬೆನೆಟ್ ಹುಟ್ಟಿದ ನಾರ್ತ್ ಕೆರೊಲಿನಾದ ಆನ್ಸನ್ ಕೌಂಟಿಯಲ್ಲಿ ಮೊದಲ ಜಿಲ್ಲೆ ಹುಟ್ಟಿತು. ಅದಕ್ಕೆ ಇಟ್ಟ ಹೆಸರು ಒಂದು ಹಳ್ಳದ್ದು, ಬ್ರೌನ್ ಕ್ರೀಕ್. ಇಂದು ಅಂಥ ಜಿಲ್ಲೆಗಳು ಸುಮಾರು 3000 ಇವೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಹುಲ್ಲು ಬೆಳೆದ ಕಾಲುವೆಯಲ್ಲಿ ನೀರು ಇಳಿಸುವುದು, ಸಸಿ ಕೊಡುವುದು, ಉಳದೆ ಬಿತ್ತುವ ಕೂರಿಗೆಯನ್ನು ಬಾಡಿಗೆಗೆ ಕೊಡುವುದು, ಇಂಥ ಸಣ್ಣ ಕೆಲಸಗಳೇ ಅವುಗಳ ದಿನಚರಿ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಕಾಲದಲ್ಲಿ, 1933ರ ಕೃಷಿ ಕಾಯಿದೆಯಂತೆ ಹತ್ತಿ ಬೆಳೆ ಕಡಿಮೆ ಮಾಡಿದ್ದಕ್ಕೆ ಸರಕಾರ ಕೊಟ್ಟ ಹಣ ಜಮೀನುದಾರನ ಕಿಸೆ ಸೇರಿತು. ಪಾಲಿಗೆ ದುಡಿಯುತ್ತಿದ್ದ ಒಕ್ಕಲುಗಳನ್ನು ಹೊರಗೆ ಹಾಕಲಾಯಿತು. 1934ರಲ್ಲಿ ಅರ್ಕಾನ್ಸಾ ರಾಜ್ಯದ ಟೈರೊಂಜಾದಲ್ಲಿ ಕರಿಯರೂ ಬಿಳಿಯರೂ ಒಂದೇ ಸಂಘ ಕಟ್ಟಿ ಎದ್ದು ನಿಂತದ್ದು ಇದಕ್ಕಾಗಿಯೇ. ಮಾದರಿ ಕಾಯಿದೆ ಜಮೀನಿನಲ್ಲಿ ಇರುವ ಎಲ್ಲರಿಗೂ ಮತ ಎಂದಿತ್ತು. ಟೆಕ್ಸಾಸ್‌ನಂಥ ರಾಜ್ಯ ಅದನ್ನು ಒಡೆಯರಿಗಷ್ಟೇ ಉಳಿಸಿತು.

ನಮ್ಮಲ್ಲಿ ಆದದ್ದೇನು? 1942ರ ಮುಂಬಯಿ ಭೂಸುಧಾರಣಾ ಕಾಯಿದೆಯ ಹೆಸರಿನಲ್ಲಿ ವಿಜಾಪುರ, ಧಾರವಾಡ ಸೀಮೆಯಲ್ಲಿ ಸಮಪಾತಳಿ ಬದುಗಳು ಬಂದವು. ತತ್ವ ಸರಿ, ಗೆರೆಯೂ ಸರಿ. ಆದರೆ ಆ ಗೆರೆಗೆ ಸರ್ವೆ ನಂಬರು ಗೊತ್ತಿಲ್ಲ. ಅಣ್ಣನ ಹೊಲವನ್ನು ಮೂಲೆಯಿಂದ ಸೀಳಿ ತಮ್ಮನ ಹೊಲಕ್ಕೆ ನುಗ್ಗಿತು. ಕುಂಟೆ ತಿರುಗಲು ಜಾಗವಿಲ್ಲ. ಎರೆ ನೆಲದಲ್ಲಂತೂ ನೀರು ಇಂಗುವುದು ನಿಧಾನ. ಬದುವಿನ ಹಿಂದೆ ನೀರು ನಿಂತು ಜೋಳ ಕೊಳೆಯಿತು. ಬೇಸಿಗೆಯಲ್ಲಿ ನೆಲ ಬಿರಿದಂತೆ ಬದುವೂ ಬಿರಿದು, ಮುಂದಿನ ದೊಡ್ಡ ಮಳೆಗೆ ಒಡೆದು, ಮೊದಲಿಗಿಂತ ಆಳವಾದ ಕೊರಕಲು ಬಿತ್ತು. ರೈತ ನೇಗಿಲು ಹೂಡಿ ಬದುವನ್ನೇ ಸವರಿ ಹಾಕಿದ. ಅಧಿಕಾರಿಗಳು ಅವನನ್ನು ಅಜ್ಞಾನಿ ಎಂದರು. ಕೇಳದೆ ಕಟ್ಟಿದ್ದನ್ನು ಅವನು ಕೇಳದೆ ಕಿತ್ತನು, ಅಷ್ಟೇ!

ವಿಶ್ವಬ್ಯಾಂಕಿನ ಸಾಲದಿಂದ 2001ರಲ್ಲಿ ಐದು ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಯೋಜನೆ ಈ ಪಾಠವನ್ನು ಒಂದಿಷ್ಟು ಕಲಿತಿತ್ತು. ಹಳ್ಳಿಯವರನ್ನು ಕೂರಿಸಿ ಕೇಳಿತು, ಭೂಮಿಯಿಲ್ಲದವರ ಸಂಘಗಳನ್ನೂ ಕಟ್ಟಿತು. ಇದನ್ನು ಒಪ್ಪದಿರುವುದು ಅನ್ಯಾಯ. ಆದರೆ ಯೋಜನೆಗೆ ಮುಕ್ತಾಯದ ದಿನಾಂಕವಿತ್ತು, ಹಳ್ಳಕ್ಕೆ ಇಲ್ಲ. ಲೆಕ್ಕ ಮುಚ್ಚಿದ ಮೇಲೆ ಒಡೆದ ತಡೆಯನ್ನು ಯಾರು ಕಟ್ಟಬೇಕು, ಯಾವ ಹಣದಿಂದ, ಯಾವ ಅಧಿಕಾರದಿಂದ?

ಪಂಚಾಯತಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ ಒಂದೇ ಹಳ್ಳ ಮೂರು ಪಂಚಾಯತಿಗಳಲ್ಲಿ ಹರಿಯುತ್ತದೆ. ಮೇಲಿನವರು ಗುಡ್ಡ ಬೋಳಿಸಿದರೆ ಕೆಳಗಿನವರ ಕೆರೆ ತುಂಬುವುದು ಮಣ್ಣಿನಿಂದ. ಹಳ್ಳದ ಉದ್ದಕ್ಕೂ ಒಂದೇ ಮಂಡಳಿ ಬೇಕು. ಕೆಲಸ ದಿಬ್ಬದಿಂದ ಹೊರಟು ತಗ್ಗಿಗೆ ಇಳಿಯಬೇಕು.

ಆ ಮಂಡಳಿಯಲ್ಲಿ ಮತ ಯಾರಿಗೆ ಎಂಬಲ್ಲಿಯೇ ನಮ್ಮ ಜಗಳ. 1974ರ ತಿದ್ದುಪಡಿಯಿಂದ ಗೇಣಿ ಕಾನೂನಿನಲ್ಲಿ ಸತ್ತಿತು. ಊರಲ್ಲಿ ಸತ್ತಿಲ್ಲ, ಲಾವಣಿ ಎಂದೂ ಕೋರು ಎಂದೂ ಬಾಯಿಮಾತಿನಲ್ಲಿ ಬದುಕಿದೆ. ಈ ವರ್ಷ ಕೋರಿಗೆ ಮಾಡಿದವನಿಗೆ ಮುಂದಿನ ವರ್ಷ ಅದೇ ಹೊಲ ಸಿಗುವ ಭರವಸೆಯಿಲ್ಲ. ಪಹಣಿಯಲ್ಲಿ ಅವನ ಹೆಸರಿಲ್ಲ. ಅವನು ಯಾರಿಗಾಗಿ ಬದು ಹಾಕಬೇಕು? 2020ರಲ್ಲಿ ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದೆಂದು ಕಾಯಿದೆ ಸಡಿಲಿಸಿದ ಮೇಲೆ, ಪಟ್ಟಣದಲ್ಲಿ ಕುಳಿತ ಒಡೆಯನಿಗೆ ಮತವೂ ಕೃಷಿ ಹೊಂಡದ ಸಹಾಯಧನವೂ, ಉಳುವವನಿಗೆ ಮಣ್ಣು ಹೊರುವ ಕೂಲಿಯೂ ಎಂದಾದರೆ ಅಂಥ ಮಂಡಳಿ ನಮಗೆ ಬೇಡ.

ನಮ್ಮ ಬೇಡಿಕೆ ಇದು. ಒಡೆಯನಾಗಲಿ, ಕೋರುದಾರನಾಗಲಿ, ಕೂಲಿಯವಳಾಗಲಿ, ಆ ಹಳ್ಳದ ನೆಲದಲ್ಲಿ ದುಡಿಯುವ ಎಲ್ಲರಿಗೂ ಮಂಡಳಿಯ ಚುನಾವಣೆಯಲ್ಲಿ ಒಂದೊಂದು ಮತವಿರಲಿ. ಕೋರು ಮಾಡುವವನು ಬದು ಹಾಕಿದರೆ ಇಷ್ಟು ವರ್ಷ ಅವನನ್ನು ಆ ಹೊಲದಿಂದ ಬಿಡಿಸಬಾರದು ಎಂಬ ಕರಾರು ಬರಹದಲ್ಲಿ ಇರಲಿ. ಹಿಂದೆ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಬದು ಬಿದ್ದಿದೆ, ಎಷ್ಟು ಹಣ ಹೋಗಿದೆ ಎಂಬ ಪಟ್ಟಿಯನ್ನು ಬರುವ ಮುಂಗಾರಿಗೆ ಮೊದಲು ಪ್ರತಿಯೊಂದು ಪಂಚಾಯತಿಯ ಗೋಡೆಗೆ ಹಚ್ಚಲಿ. ಆ ಪಟ್ಟಿ ಹಿಡಿದು ಹೊಲಕ್ಕೆ ಹೋಗಿ ಬದುಗಳನ್ನು ಎಣಿಸಲು ನಮ್ಮ ಕಾರ್ಯಕರ್ತರು ಸಿದ್ಧರಿದ್ದಾರೆ.