ಬಾಲು ಬಂದಾಗ ಎಲ್ಲಿದ್ದೆ ಅಕ್ಕಾ?

ತಮ್ಮ ದಾವಣಗೆರೆಯಲ್ಲಿ, ನಾನು ಬೆಂಗಳೂರಲ್ಲಿ. ಅಮ್ಮನ ಹತ್ತಿರ ದಿನಾ ಫೋನಲ್ಲಿ ಮಾತಾಡ್ತೀನಿ. ಅವನ ಹತ್ತಿರ ಫೋನಲ್ಲಿ ಮಾತೇ ಬೆಳೆಯಲ್ಲ. "ಊಟ ಆಯ್ತಾ?" "ಹೂಂ." ಮುಗೀತು. ಆದರೆ ರಾತ್ರಿ ಹತ್ತರ ಮೇಲೆ ಇಬ್ಬರೂ ರಾಕೆಟ್ ಲೀಗ್ ಆಡೋಕೆ ಕೂತರೆ ಉಳಿದುಹೋದ ಪೇಪರ್, ಅಪ್ಪನ ಬಿಪಿ, ಯಾರ ಮೇಲಿನದೋ ಸಿಟ್ಟು ಎಲ್ಲ ತಾನಾಗಿ ಹೊರಗೆ ಬರುತ್ತೆ. ಕಾರುಗಳು ಫುಟ್‌ಬಾಲ್ ಆಡುವ ಆಟ ಅದು, 2020ರಿಂದ ಉಚಿತ. ನನ್ನ ಹಳೇ ಲ್ಯಾಪ್‌ಟಾಪ್ ಕೆಟ್ಟು ಎರಡು ತಿಂಗಳು ಆಟ ನಿಂತಿತ್ತು, ಜೊತೆಗೆ ಮಾತೂ.

ಇಎಂಐನಲ್ಲಿ ಹೊಸದು ತಂದೆ. ತೆಳ್ಳಗೆ, ಹಗುರ, ಆಫೀಸ್ ಕೆಲಸಕ್ಕೆ ಬೆಣ್ಣೆ ಥರ. ಮೊದಲ ರಾತ್ರಿಯೇ ಹೆಡ್‌ಫೋನಲ್ಲಿ ತಮ್ಮನ ದನಿ: "ಬಾಲು ಬಂದಾಗ ಎಲ್ಲಿದ್ದೆ ಅಕ್ಕಾ? ಹೊಸಾದು ಅಂತೀಯ, ಹಳೇದೇ ಚೆನ್ನಾಗಿತ್ತಲ್ಲ!" ಮೂರನೇ ರಾತ್ರಿ, "ಬೆಳಗ್ಗೆ ಕ್ಲಾಸ್ ಐತೆ" ಅಂತ ಬೇಗ ಎದ್ದುಬಿಟ್ಟ. ಮರುದಿನ ಭಾನುವಾರ.

ವಾಪಸ್ ಕೊಡೋಕೆ ಏಳು ದಿನ ಅವಕಾಶ ಇತ್ತು. ಮೂರು ಆಗಲೇ ಹೋಗಿತ್ತು.

ಮೊದಲು ವೈಫೈಯನ್ನು ಬೈದೆ. ಆಟದಲ್ಲಿ ಪಿಂಗ್ ನೋಡಿದರೆ 30ರ ಆಸುಪಾಸು. ಅದು ಚೆನ್ನಾಗೇ ಇದೆ ಅಂತ ಅರ್ಥ. ಪಿಂಗ್ ಜಾಸ್ತಿಯಾದರೆ ಚಿತ್ರ ನುಣುಪಾಗೇ ಇದ್ದು ಬಾಲು ಅಲ್ಲಿಂದಿಲ್ಲಿಗೆ ಹಾರುತ್ತೆ. ಗ್ರಾಫಿಕ್ಸ್ ಸೋತರೆ ಚಿತ್ರವೇ ಕುಂಟುತ್ತೆ. ನನ್ನದು ಕುಂಟುತ್ತಿತ್ತು.

ವಿಂಡೋಸ್ ಕೀ ಜೊತೆ 'ಜಿ' ಒತ್ತಿದರೆ ಗೇಮ್ ಬಾರ್ ಬರುತ್ತೆ. ಅದರಲ್ಲಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರ್ತಿದೆ ಅನ್ನೋದು ಕಾಣುತ್ತೆ. ನನ್ನದರಲ್ಲಿ ಖಾಲಿ ಮೈದಾನದಲ್ಲಿ 45. ಗೋಲಿನ ಮುಂದೆ ನಾಲ್ಕು ಕಾರು ಮುಗಿಬಿದ್ದ ಕ್ಷಣ 22. ಇಲ್ಲೇ ನೋಡಿ ನಾವೆಲ್ಲ ಮೋಸ ಹೋಗೋದು. 60 ಎಫ್‌ಪಿಎಸ್ ಅಂದರೆ ಪ್ರತಿ ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. 22ಕ್ಕೆ ಬಿದ್ದರೆ 45. ವಿಮರ್ಶೆ ವಿಡಿಯೊಗಳು ಸಾಮಾನ್ಯವಾಗಿ ಸರಾಸರಿ ಹೇಳ್ತವೆ. ಗೋಲು ಆಗೋದು ಸರಾಸರಿಯಲ್ಲಿ ಅಲ್ಲ, ಆ ಬಿದ್ದ ಕ್ಷಣದಲ್ಲಿ. ಐದು ನಿಮಿಷ ನೋಡಿ ತೀರ್ಪು ಕೊಡೋದೂ ತಪ್ಪು. ಚಾರ್ಜರ್ ಹಾಕಿ ಅರ್ಧ ಗಂಟೆ ಆಡಿ. ಮೈ ಬಿಸಿಯಾದ ಮೇಲೆ ಲ್ಯಾಪ್‌ಟಾಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ, ನಿಜವಾದ ಸಂಖ್ಯೆ ಆಗ ಬರುತ್ತೆ.

ನಾನೂ ಅರ್ಧ ಗಂಟೆ ಆಡಿದೆ, ಮತ್ತೂ ಎರಡು ಇಳೀತು, ಅಷ್ಟೆ. ಅಂದರೆ ಬಿಸಿ ಮುಖ್ಯ ಕಾರಣ ಅಲ್ಲ. ನೆರಳು, ಹೊಳಪು ಎಲ್ಲ ಕಡಿಮೆ ಮಾಡಿದೆ, ಸ್ವಲ್ಪ ಏರಿತು. ಕೊನೆಗೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಪುಟ ನೋಡಿದೆ. ಲ್ಯಾಪ್‌ಟಾಪ್ ಮೇಲಿನ ಸ್ಟಿಕ್ಕರ್‌ನಲ್ಲಿ ಐರಿಸ್ ಎಕ್ಸ್‌ಇ ಅಂತಿದೆ, ಇಲ್ಲಿ ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್ ಅಂತಿದೆ! ಮೆಮೊರಿ ಒತ್ತಿದರೆ: ಬಳಕೆಯಲ್ಲಿರುವ ಸ್ಲಾಟ್ 2ರಲ್ಲಿ 1.

ಕಾರಣ ಇಷ್ಟೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಚಿತ್ರಕ್ಕಂತಲೇ ಸ್ವಂತ ಮೆಮೊರಿ ಇರಲ್ಲ, ರ್‍ಯಾಮ್‌ನಿಂದಲೇ ಸಾಲ ತಗೊಳ್ಳುತ್ತೆ. ಒಂದೇ ರ್‍ಯಾಮ್ ಕಡ್ಡಿ ಇದ್ದರೆ ಒಂದೇ ನಲ್ಲಿಯಲ್ಲಿ ಇಡೀ ಬೀದಿ ನೀರು ಹಿಡಿದ ಹಾಗೆ. ಐರಿಸ್ ಎಕ್ಸ್‌ಇ ಅನ್ನೋ ಹೆಸರು ಬರೋಕೂ ಮೆಮೊರಿ ಡ್ಯುಯಲ್ ಚಾನೆಲ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಅದೇ ಚಿಪ್ ಯುಎಚ್‌ಡಿ ಅಂತ ತೋರಿಸುತ್ತೆ. ಅಂಗಡಿಯವರನ್ನು ಕೇಳಿದರೆ, "ಗೇಮಿಗೆ ಅಂತ ನೀವು ಹೇಳಿರಲಿಲ್ಲವಲ್ಲ ಮೇಡಂ" ಅಂದರು. ಹೌದು, ಹೇಳಿರಲಿಲ್ಲ. ಮೂವತ್ತು ದಾಟಿದ ಹೆಂಗಸು ಆಟ ಆಡ್ತೀನಿ ಅನ್ನೋಕೆ ನಾಚಿಕೆಯಾಗಿತ್ತು.

ವಾಪಸ್ ಕೊಡಲಿಲ್ಲ. ವಾರಂಟಿಗೆ ತೊಂದರೆ ಬೇಡ ಅಂತ ಸರ್ವೀಸ್ ಸೆಂಟರಲ್ಲೇ ಇನ್ನೊಂದು 8 ಜಿಬಿ ಕಡ್ಡಿ ಹಾಕಿಸಿದೆ. ಹೆಸರು ಐರಿಸ್ ಎಕ್ಸ್‌ಇ ಆಯಿತು. ಮೈದಾನದಲ್ಲಿ 60 ದಾಟಿತು, ಗೋಲಿನ ಮುಂದೆ 50ಕ್ಕಿಂತ ಕೆಳಗೆ ಬೀಳಲಿಲ್ಲ. ಆದರೆ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತೆ, ಆಮೇಲೆ ಏನೂ ಮಾಡೋಕಾಗಲ್ಲ. ಕೊಳ್ಳುವಾಗಲೇ ಕೇಳಿ, ನಾಚಿಕೆ ಬೇಡ.

ಇದನ್ನೆಲ್ಲ ಆಫೀಸಲ್ಲಿ ಹೇಳಿದರೆ ಪಕ್ಕದ ಸೀಟಿನವನು, "ನಾನು ಆರ್‌ಟಿಎಕ್ಸ್ 3050 ಇರೋದೇ ತಗೋತೀನಿ" ಅಂದ. ತಗೋ ಮಾರಾಯ, ಆದರೆ ಎಷ್ಟು ವ್ಯಾಟಿನದು ಅಂತ ಕೇಳು ಅಂದೆ. ಅದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡ್ 35 ವ್ಯಾಟಿನಿಂದ 80 ವ್ಯಾಟ್‌ವರೆಗೂ ಬರುತ್ತೆ. ಹೆಸರು ಒಂದೇ, ಓಟ ಒಂದೇ ಅಲ್ಲ.

ಕಡ್ಡಿ ಹಾಕಿಸಿದ ರಾತ್ರಿ ತಮ್ಮ ಎರಡು ಮ್ಯಾಚ್ ಏನೂ ಮಾತಾಡಲಿಲ್ಲ. ಮೂರನೆಯದರಲ್ಲಿ ಅವನ ಪಾಸು ನಾನು ಗೋಲು ಮಾಡಿದೆ. "ಓಹೋ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕಾ, ಅಮ್ಮಂಗೆ ಹೇಳಬೇಡ, ಗಣಿತ ಮತ್ತೆ ಉಳೀತು" ಅಂದ. ಕಾರು ನಿಲ್ಲಿಸಿ ಕೇಳಿಸಿಕೊಂಡೆ. ಆ ಮ್ಯಾಚ್ ನಾಲ್ಕು ಗೋಲಿನಲ್ಲಿ ಸೋತೆವು.