ಗಿಡಕ್ಕೆ ಮಾತ್ರವಲ್ಲ, ನೀರಿಗೂ ದುಡ್ಡು ಕೊಡಿ

ನಾವು ಕರಾವಳಿಯವರು. ಮಳೆಗಾಲದಲ್ಲಿ ಗಿಡ ನೆಟ್ಟು ಮರೆತರೂ ಅದು ಹೇಗೋ ಬೆಳೆಯುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಾಗಲ್ಲ. ಅಲ್ಲಿ ಬೇವು, ಬನ್ನಿ, ಹುಣಸೆಗೂ ಮೊದಲ ಎರಡು ಮೂರು ಬೇಸಿಗೆ ನೀರು ಹೊತ್ತು ಹಾಕಬೇಕು, ಆಡು ಕುರಿ ಬಾರದಂತೆ ಬೇಲಿ ಕಟ್ಟಬೇಕು.

2016ರಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾದಾಗ ಆ ಜಿಲ್ಲೆಯಲ್ಲಿ ಕಾಡು ಇದ್ದದ್ದು ಶೇ. 0.17 ಮಾತ್ರ. ಅಭಿಯಾನಕ್ಕಾಗಿ ವೃಕ್ಷಥಾನ್ ಓಟವೂ ನಡೆಯಿತು. ಜನ ಓಡಿದರು, ಗಿಡ ನೆಟ್ಟರು. ಒಳ್ಳೆಯದೇ. ಆದರೆ ಆದಿಲ್ ಶಾಹಿ ಕಾಲದ ಕೆರೆ ಇರುವ ಮಮದಾಪುರದಂಥ ಕಡೆ ಈಗಾಗಲೇ ಇರುವ ಕಾಡನ್ನು ಕಾಯುವುದಕ್ಕೂ ದುಡ್ಡು ಬೇಡವೇ?

ದಾನಿಗಳು ಎಷ್ಟು ಗಿಡ ನೆಟ್ಟಿರಿ ಎಂದು ಕೇಳುತ್ತಾರೆ. ಎಷ್ಟು ಉಳಿದವು ಎಂದು ಕೇಳುವವರು ಕಡಿಮೆ. ನಮ್ಮ ಮದ್ರಸದ ಅಂಗಳದಲ್ಲೇ ಹತ್ತು ಗಿಡ ನೆಟ್ಟು ಫೋಟೊ ತೆಗೆದೆವು. ರಜೆಯಲ್ಲಿ ನೀರು ಹಾಕುವವರನ್ನು ಗೊತ್ತು ಮಾಡಲಿಲ್ಲ. ಆರು ಒಣಗಿದವು. ತಪ್ಪು ನನ್ನದೇ.

ಹಾಗಾಗಿ ಒಂದು ಮಾತು. ಹಸಿರಿಗೆಂದು ಹಣ ಕೊಡುವಾಗ ಅರ್ಧವನ್ನು ಕಾವಲುಗಾರನ ಸಂಬಳಕ್ಕೆ, ನೀರಿನ ಟ್ಯಾಂಕರಿಗೆ, ಬೇಲಿಗೆ ಎಂದು ಹೇಳಿ ಕೊಡಿ. ಮೂರು ವರ್ಷ ಬಿಟ್ಟು ಲೆಕ್ಕ ಕೇಳಿ. ಆಗ ಫೋಟೊ ಬೇಡ, ನೆರಳು ತೋರಿಸಿದರೆ ಸಾಕು.